ಪದವಿನಲ್ಲಿ ಎಂತ ಉಂಟು?

ಸೋಣ ತಿಂಗಳ, ಅಂದರೆ ಆಗಸ್ಟ್-ಸೆಪ್ಟೆಂಬರಿನ, ಒಂದು ಭಾನುವಾರ ಕಾಸರಗೋಡು ಜಿಲ್ಲೆಯ ನಮ್ಮೂರ ವಾಚನಾಲಯದಲ್ಲಿ ಫೋಟೊಗಳನ್ನು ತೋರಿಸುತ್ತಾ ಮಾತಾಡಿದ್ದೆ. ಬರಲಾಗದವರು ಬರೆದು ಕೊಡಿ ಎಂದರು. ಮಾತಾಡಿದ ಹಾಗೆಯೇ ಬರೆದಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ಸಂಗತಿಗಳೂ ಸೇರಿವೆ.

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಒಂದು ದಿನ ಸಿಕ್ಕಿದೆ, ತೋಟದಲ್ಲಿ ಮದ್ದು ಬಿಡುವ ಕೆಲಸ ಬಾಕಿ ಉಂಟು, ಆದರೂ ಇಷ್ಟು ಜನ ಬಂದಿದ್ದೀರಿ. ಮಾತಿಗೆ ಮೊದಲು ಒಂದು ಫೋಟೊ ತೋರಿಸುತ್ತೇನೆ. ಪಂಚೆಯ ಪರದೆ ಸ್ವಲ್ಪ ಅಲ್ಲಾಡುತ್ತಿದೆ, ಆದರೂ ಬಣ್ಣ ಕಾಣುತ್ತದಲ್ವಾ? ಕಣ್ಣು ಹಾಯುವಷ್ಟು ದೂರ ನೀಲಿ. ನಡುನಡುವೆ ಬಿಳಿ ಚುಕ್ಕೆಗಳು, ಅಲ್ಲಲ್ಲಿ ನಿಂತ ನೀರು, ನೀರಲ್ಲಿ ಮೋಡ. ಇದು ಎಲ್ಲಿ, ಹೇಳಿ ನೋಡುವ.

ಊಟಿ ಎಂದರು ಒಬ್ಬರು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಮಹಾರಾಷ್ಟ್ರದ ಕಾಸ್ ಎಂದ. ಅವನು ಹತ್ತಿರ ಬಂದಿದ್ದಾನೆ. ಸಾತಾರಾದ ಪಕ್ಕದ ಕಾಸ್ ಬಯಲು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ಜಾಗಗಳಲ್ಲಿ ಒಂದು. ಹೂ ಬಿಡುವ ಕಾಲದಲ್ಲಿ ಜನ ಟಿಕೆಟ್ ತೆಗೆದುಕೊಂಡು ನೋಡಲು ಹೋಗುತ್ತಾರೆ. ಅಲ್ಲಿನ ನೆಲವೂ ಇಲ್ಲಿನ ಹಾಗೆ ಕೆಂಪು ಮುರಕಲ್ಲು, ಇದೇ ಬಳಗದ ಹೂಗಳು ಅಲ್ಲೂ ಉಂಟು. ಆದರೆ ಈ ಫೋಟೊ ಕಾಸ್‌ನದ್ದಲ್ಲ. ನಮ್ಮ ಶಾಲೆಯ ಹಿಂದಿನ ಪದವು, ಮುರಕಲ್ಲಿನ ಬೋಳು ಬಯಲು. ಬೇಸಿಗೆಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರಲ್ಲ, ಅದೇ. ಬಲ ಮೂಲೆಯಲ್ಲಿ ಕಾಣುವ ಮರ ನೀವೆಲ್ಲ ಸ್ಕೂಟರ್ ನಿಲ್ಲಿಸುವ ಗೇರು ಮರ.

ಈ ಪದವಿನ ಪಕ್ಕದಲ್ಲಿ ನಾನು ನಲವತ್ತು ವರ್ಷ ಇದ್ದೆ. ಇಪ್ಪತ್ತು ವರ್ಷ ಅಲ್ಲೇ ಪಾಠ ಮಾಡಿದೆ. ಕ್ಯಾಮೆರಾ ತೆಗೆದುಕೊಂಡ ಮೇಲೂ ಮೊದಲ ಆರು ವರ್ಷ ಅದನ್ನು ಹೆಗಲಿಗೆ ಹಾಕಿ ರಾಣಿಪುರಕ್ಕೆ ಹೋದೆ, ಕಬಿನಿಗೆ ಹೋದೆ, ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿಗಾಗಿ ಮೂರು ದಿನ ಕಾದೆ. ಹೋಗುವಾಗಲೂ ಬರುವಾಗಲೂ ದಾಟುತ್ತಿದ್ದದ್ದು ಇದೇ ಪದವನ್ನು. ಒಮ್ಮೆಯೂ ನಿಂತು ನೋಡಲಿಲ್ಲ. ಅಲ್ಲಿ ಎಂತ ಉಂಟು ಎಂದು ಯಾರಾದರೂ ಕೇಳಿದ್ದರೆ ಎಂತ ಇಲ್ಲ, ಮುಳಿಹುಲ್ಲು ಮತ್ತು ಕಲ್ಲು ಎನ್ನುತ್ತಿದ್ದೆ.

ಅದು ಬದಲಾದದ್ದು ಓಣಂ ಸಮಯದಲ್ಲಿ. ನಮ್ಮ ಶಾಲೆಯಲ್ಲಿ ಕನ್ನಡ, ಮಲಯಾಳ ಎರಡೂ ವಿಭಾಗ ಉಂಟು. ಹೂವಿನ ರಂಗೋಲಿಗೆ ಎಲ್ಲ ಮಕ್ಕಳೂ ಪೇಟೆಯಿಂದ ಸೇವಂತಿಗೆ, ಚೆಂಡು ಹೂ ತಂದಿದ್ದರು. ಮಲಯಾಳ ವಿಭಾಗದ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬಾಳೆಲೆಯಲ್ಲಿ ಸುತ್ತಿ ಒಂದು ಹಿಡಿ ಪುಟ್ಟ ಪುಟ್ಟ ನೀಲಿ ಹೂ ತಂದಳು. ನಾನು ಅಂಥ ಹೂ ನೋಡಿಯೇ ಇರಲಿಲ್ಲ. ಎಲ್ಲಿಂದ ತಂದೆ ಎಂದು ತುಳುವಿನಲ್ಲಿ ಕೇಳಿದೆ. ಅವಳು ಕಿಟಕಿಯತ್ತ ಕೈ ತೋರಿಸಿದಳು. ಪದವಿನಿಂದ, ಅಮ್ಮಮ್ಮನ ಜತೆ ಹೋಗಿ ತಂದೆ, ಇದು ಕಾಕ್ಕಪ್ಪೂವು ಎಂದಳು.

ಕಾಕ್ಕ ಎಂದರೆ ಕಾಗೆ. ಕಾಗೆ ಹೂ. ಮನೆಗೆ ಬಂದು ಅಮ್ಮನನ್ನು ಕೇಳಿದೆ, ಕನ್ನಡದಲ್ಲಿ ಇದಕ್ಕೆ ಏನು ಹೇಳುತ್ತಾರೆ ಅಂತ. ಅಮ್ಮ ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು. ಗುಡ್ಡೆ ಹೂ ಇರಬೇಕು ಎಂದರು. ಅಂದರೆ ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಅರ್ಧ ಮೈಲಿ ಆಚೆಯ ಇನ್ನೊಂದು ಮನೆಯಲ್ಲಿ ಇತ್ತು. ಅವರಿಗೆ ಹಬ್ಬಕ್ಕೆ ಬೇಕಿತ್ತು, ಹಾಗಾಗಿ ಕಂಡಿತು. ನಮಗೆ ದೇವರಿಗೆ ಏರಿಸಲು ಕೇಪಳ, ತುಂಬೆ, ದಾಸವಾಳ ಸಾಕಿತ್ತು. ಈ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಮರುದಿನ ಬೆಳಗ್ಗೆ ಆ ಹುಡುಗಿ, ಅವಳ ಅಮ್ಮಮ್ಮ, ನಾನು ಮೂರು ಜನ ಪದವಿಗೆ ಹೋದೆವು. ಅಮ್ಮಮ್ಮ ಇಲ್ಲಿ, ಇಲ್ಲಿ ಎಂದು ಕೈ ತೋರಿಸುತ್ತಾ ಹೋದರು. ನಾನು ಹಕ್ಕಿಗೆಂದು ಸಾಲ ಮಾಡಿ ತೆಗೆದುಕೊಂಡ ದೊಡ್ಡ ಲೆನ್ಸನ್ನು ಹೂವಿನತ್ತ ತಿರುಗಿಸಿದೆ. ಅದು ಹಿಡಿಯಲೇ ಇಲ್ಲ. ಎರಡೂವರೆ ಮೀಟರಿಗಿಂತ ಹತ್ತಿರ ಇರುವುದು ಆ ಲೆನ್ಸಿಗೆ ಬರೀ ಮಂಜು. ಹಿಂದೆ ಹೋದರೆ ಹೂ ಒಂದು ಚುಕ್ಕೆ, ಮುಂದೆ ಬಂದರೆ ಮಂಜು. ಕೊನೆಗೆ ಅದನ್ನು ಚೀಲಕ್ಕೆ ಹಾಕಿ ಕಲ್ಲಿನ ಮೇಲೆ ಮೊಣಕಾಲೂರಿ ಜೇಬಿನಿಂದ ಫೋನ್ ತೆಗೆದೆ. ನೀವು ಈಗ ನೋಡುತ್ತಿರುವ ಈ ಎರಡನೇ ಫೋಟೊ ಆ ದಿನ ಫೋನಿನಲ್ಲಿ ತೆಗೆದದ್ದು. ಹೂವಿನ ನಡುವೆ ಬಿಳಿ ಗೆರೆಗಳ ಬಲೆ ಹೆಣೆದ ಹಾಗೆ ಉಂಟು, ನೋಡಿ. ನಿಂತು ನೋಡಿದರೆ ಈ ಗೆರೆಗಳು ಕಾಣುವುದಿಲ್ಲ.

ಇದರ ಶಾಸ್ತ್ರದ ಹೆಸರು ಯುಟ್ರಿಕ್ಯುಲೇರಿಯ. ಇದು ಹುಳ ತಿನ್ನುವ ಗಿಡ. ಹೌದು, ಈ ಮುದ್ದು ಹೂವೇ. ಮೇಲೆ ಹೂ, ಕೆಳಗೆ ಒದ್ದೆ ಮಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು. ಬೇರಿನ ಹಾಗೆ ಕಾಣುವ ಎಳೆಗಳಿಗೆ ಆ ಚೀಲಗಳು ಅಂಟಿಕೊಂಡಿರುತ್ತವೆ. ಗಿಡ ಚೀಲದೊಳಗಿನ ನೀರನ್ನು ಹೊರಗೆ ಹಾಕುತ್ತದೆ, ಚೀಲದ ಗೋಡೆ ಒಳಗೆ ಕುಗ್ಗುತ್ತದೆ, ಬಾಯಿಯಲ್ಲಿ ಒಂದು ಪುಟ್ಟ ಬಾಗಿಲು ಮುಚ್ಚಿಕೊಂಡು ನಿಂತಿರುತ್ತದೆ. ನೀರಿನ ಸಣ್ಣ ಜೀವಿಯೊಂದು ಬಾಗಿಲ ಕೂದಲಿಗೆ ತಾಗಿದ್ದೇ ತಡ, ಬಾಗಿಲು ತೆರೆದು ನೀರಿನ ಜತೆ ಆ ಜೀವಿಯನ್ನೂ ಒಳಗೆ ಎಳೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಒಳಗೆ ಎಳೆದುಕೊಳ್ಳಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಡ. ಫೋಟೊ ತೆಗೆಯುವವರಿಗೆ ಈ ಲೆಕ್ಕ ಗೊತ್ತು. ಹಾರುವ ಮಿಂಚುಳ್ಳಿಯನ್ನು ಹಿಡಿಯಲು ನಾವು ಕ್ಯಾಮೆರಾದಲ್ಲಿ ಇಡುವ ವೇಗ ಅದು, ಸೆಕೆಂಡಿನ ಸಾವಿರದಲ್ಲೊಂದು ಪಾಲು. ಅದಕ್ಕಿಂತ ಬೇಗ ನಡೆಯುವ ಕೆಲಸವೊಂದು ನಾವು ಕ್ರಿಕೆಟ್ ಆಡುವ ನೆಲದ ಕೆಳಗೆ ಮಳೆಗಾಲ ಇಡೀ ನಡೆಯುತ್ತಾ ಇರುತ್ತದೆ.

ಹುಡುಗಿ ತಂದ ಹೂಗಳಲ್ಲಿ ಒಂದು ಗಿಡ ಬುಡ ಸಮೇತ ಬಂದಿತ್ತು. ಅದನ್ನು ಬಿಳಿ ಬಸಿಯ ನೀರಿನಲ್ಲಿ ಇಟ್ಟು ನೋಡಿದೆ. ಕಾಗದದ ಮೇಲೆ ಪೆನ್ಸಿಲಿನ ತುದಿ ಇಟ್ಟಷ್ಟು ಸಣ್ಣ ಚೀಲಗಳು. ಅಂದಿನಿಂದ ನಾನು ಪದವಿನಲ್ಲಿ ಚಪ್ಪಲಿ ಎಲ್ಲಿ ಇಡುತ್ತೇನೆ ಎಂದು ನೋಡಿಕೊಂಡು ನಡೆಯುತ್ತೇನೆ.

ಅಷ್ಟು ಕಷ್ಟ ಯಾಕೆ, ಹುಳ ಯಾಕೆ ತಿನ್ನಬೇಕು? ಇದಕ್ಕೆ ಉತ್ತರ ಕಲ್ಲಿನಲ್ಲಿ ಉಂಟು. ಲಕ್ಷಗಟ್ಟಲೆ ವರ್ಷ ಮಳೆ ಸುರಿದು ಸುರಿದು ಬಂಡೆಯಲ್ಲಿದ್ದ ಸಾರವೆಲ್ಲ ತೊಳೆದು ಹೋಗಿ, ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಅದು ಗಟ್ಟಿಯಾಗಿ ಮುರಕಲ್ಲಾಯಿತು. ಕೆಂಪು ಬಣ್ಣ ಕಬ್ಬಿಣದ್ದೇ. ಅದರ ಮೇಲೆ ಮಣ್ಣು ಒಂದೆರಡು ಇಂಚು, ಕೆಲವು ಕಡೆ ಅದೂ ಇಲ್ಲ. ಗೊಬ್ಬರ ಇಲ್ಲದ ನೆಲದಲ್ಲಿ ಗಿಡ ಸಾರಜನಕವನ್ನು ಹುಳದಿಂದ ತೆಗೆದುಕೊಳ್ಳುತ್ತದೆ. ಎಂಟು ತಿಂಗಳು ಕಾದ ಕಾವಲಿ, ನಾಲ್ಕು ತಿಂಗಳು ಕೆರೆ. ಇಷ್ಟು ಕಷ್ಟದ ಜಾಗದಲ್ಲಿ ಬದುಕಲು ಕಲಿತ ಗಿಡಗಳಲ್ಲಿ ಎಷ್ಟೋ ಬೇರೆ ಕಡೆ ಬದುಕುವುದಿಲ್ಲ.

ಈ ಕಲ್ಲಿಗೆ ಜಗತ್ತು ಇಟ್ಟ ಹೆಸರು ಲ್ಯಾಟರೈಟ್. ಆ ಹೆಸರು ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮೈಸೂರು, ಕೆನರಾ, ಮಲಬಾರು ಸುತ್ತಿ, 1807ರಲ್ಲಿ ಅಚ್ಚಾದ ತನ್ನ ಬರಹದಲ್ಲಿ ಈ ಹೆಸರು ಕೊಟ್ಟ. ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ಜನ ಇದನ್ನು ಪಿಕಾಸಿಯಲ್ಲಿ ಕಡಿದು ಗೋಡೆ ಕಟ್ಟುವುದನ್ನು ನೋಡಿದ್ದ. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಅವನಿಗೆ ಈ ಕಲ್ಲು ಇಟ್ಟಿಗೆಯಾಗಿ ಕಂಡಿತು, ಅದು ಇಂದಿಗೂ ನಮಗೆ ಇಟ್ಟಿಗೆಯಾಗಿಯೇ ಕಾಣುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಮಣಿಪಾಲ ಗೊತ್ತಲ್ಲ, ನಮ್ಮಲ್ಲಿ ಜಾಸ್ತಿ ಕಾಯಿಲೆಯಾದರೆ ಓಡುವ ಊರು. ಅದೂ ಮುರಕಲ್ಲಿನ ಗುಡ್ಡೆಯ ಮೇಲೆ ಎದ್ದ ಊರು. ಸಾವಿರಾರು ವಿದ್ಯಾರ್ಥಿಗಳು, ಕಾಲೇಜು, ಆಸ್ಪತ್ರೆ. ಅಲ್ಲಿನ ಕಲ್ಲಿನ ಹೊಂಡಗಳಲ್ಲಿ ಕೂಗುವ ಒಂದು ಕಪ್ಪೆ ವಿಜ್ಞಾನಕ್ಕೆ ಹೊಸತು ಎಂದು ಗೊತ್ತಾದದ್ದು 2016ರಲ್ಲಿ! ಹೆಸರು ಮೈಕ್ರೊಹೈಲಾ ಲ್ಯಾಟರೈಟ್, ಕಲ್ಲಿನದೇ ಹೆಸರು. ಉದ್ದ ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಹೆಬ್ಬೆರಳಿನ ಉಗುರಿನಷ್ಟು. ಅದರ ಕೂಗು ಜೀರುಂಡೆಯದ್ದರ ಹಾಗೆ ಇರುವುದರಿಂದ ಕೇಳಿದವರೂ ಕಪ್ಪೆ ಎಂದುಕೊಳ್ಳುವುದು ಕಷ್ಟ. ರಸ್ತೆಯ ಪಕ್ಕದಲ್ಲಿ, ಅಷ್ಟು ಓದಿದ ಜನರ ನಡುವೆ ಕೂಗುತ್ತಾ ಕೂತಿದ್ದ ಕಪ್ಪೆ ಅದು.

ಈಗ ಪದವಿನಿಂದ ಕೆಳಗೆ ಇಳಿಯುವ. ನಿಮ್ಮೆಲ್ಲರ ತೋಟಕ್ಕೆ. ಈ ಫೋಟೊ ನೋಡಿ ಇದು ಏನು ಹೇಳಿ. ಭೂಪಟದ ಹಾಗೆ ಕಾಣುತ್ತದೆ ಎಂದು ಒಬ್ಬರು ಅಕ್ಕ ಹೇಳಿದರು, ಸರಿಯಾಗಿ ಹೇಳಿದರು. ತಿಳಿ ಹಸಿರಿನ ಒಂದು ದೇಶ, ಬೂದಿ ಬಣ್ಣದ ಒಂದು ದೇಶ, ನಡುವೆ ಕಪ್ಪು ಗಡಿ, ಅಲ್ಲೊಂದು ಇಟ್ಟಿಗೆ ಕೆಂಪಿನ ದ್ವೀಪ. ಇದು ಅಡಿಕೆ ಮರದ ಕಂಬ. ನೆಲದಿಂದ ಮೂರಡಿ ಮೇಲೆ, ಮಳೆ ನಿಂತ ಐದು ನಿಮಿಷಕ್ಕೆ ತೆಗೆದದ್ದು.

ನಾವು ಅಡಿಕೆ ಮರವನ್ನು ನೋಡುವುದು ತಲೆ ಎತ್ತಿ. ಗೊನೆ ಹೇಗಿದೆ, ಹಿಂಗಾರ ಒಣಗಿದೆಯಾ, ಕೊಳೆ ಬಂದಿದೆಯಾ. ಕಂಬವನ್ನು ಹತ್ತುವವರು ಮಾತ್ರ ಹತ್ತಿರದಿಂದ ನೋಡುತ್ತಾರೆ, ಅವರಿಗೂ ಜಾರುವ ಭಯ. ಆ ಕಂಬದ ಮೇಲಿನ ಬಣ್ಣದ ಕಲೆಗಳೆಲ್ಲ ಕಲ್ಲುಹೂ. ಶಿಲೀಂಧ್ರ ಮತ್ತು ಪಾಚಿ ಎರಡು ಸೇರಿ ಮಾಡಿಕೊಂಡ ಒಂದು ಬಾಳು ಅದು. ಪಾಚಿ ಬಿಸಿಲಿನಲ್ಲಿ ಊಟ ತಯಾರು ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಒಣಗಿದ್ದಾಗ ಬೂದಿ ಬಣ್ಣ. ಒದ್ದೆಯಾದರೆ ಮೇಲಿನ ಪದರ ಪಾರದರ್ಶಕವಾಗುತ್ತದೆ, ಒಳಗಿನ ಪಾಚಿಯ ಹಸಿರು ಹೊರಗೆ ಕಾಣುತ್ತದೆ. ಅದಕ್ಕೇ ಮಳೆ ನಿಂತ ಕೂಡಲೇ ತೆಗೆದದ್ದು.

ಇನ್ನೂ ಹತ್ತಿರ ಹೋಗುವ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಗೀಟುಗಳು, ಬಾಗಿದವು, ಕವಲೊಡೆದವು, ಯಾರೋ ಅವಸರದಲ್ಲಿ ಬರೆದ ಹಾಗೆ. ಈ ಗುಂಪಿನ ಕಲ್ಲುಹೂಗಳಿಗೆ ಗ್ರಾಫಿಸ್ ಎಂದೇ ಹೆಸರು, ಗ್ರೀಕಿನ ಬರೆಯುವುದು ಎಂಬ ಮಾತಿನಿಂದ ಬಂದದ್ದು. ನಮ್ಮೂರಲ್ಲಿ ಬಸ್ಸಿನ ಬೋರ್ಡು ಕನ್ನಡವೋ ಮಲಯಾಳವೋ, ಯಾವ ಅಕ್ಷರದಲ್ಲಿರಬೇಕು ಎಂದು ನಾವು ಎಷ್ಟು ವರ್ಷದಿಂದ ಮಾತಾಡುತ್ತಿದ್ದೇವೆ, ಮಾತಾಡಲೇಬೇಕು, ನಾನೂ ಮಾತಾಡುವವನೇ. ಆದರೆ ಪ್ರತಿ ತೋಟದಲ್ಲಿ, ಪ್ರತಿ ಮರದಲ್ಲಿ ಈ ಲಿಪಿ ಇರುವುದನ್ನು ಫೋಟೊ ತೆಗೆಯುವವರೆಗೆ ನಾನು ಕಂಡಿರಲಿಲ್ಲ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಮಾವ ಕೇಳಿದರು, ಅದು ಮರಕ್ಕೆ ರೋಗ ಅಲ್ವಾ ಮಾಷ್ಟ್ರೇ, ಕೆರೆದು ತೆಗೆಯಬೇಕಾ ಅಂತ. ಒಳ್ಳೆ ಪ್ರಶ್ನೆ. ರೋಗ ಅಲ್ಲ ಮಾವ. ಅದು ತೊಗಟೆಯ ಮೇಲೆ ಕೂತಿರುತ್ತದೆ ಅಷ್ಟೆ, ಮರದ ರಸ ಹೀರುವುದಿಲ್ಲ. ಮಳೆ, ಗಾಳಿ, ಬಿಸಿಲು ಇವೇ ಅದಕ್ಕೆ ಆಹಾರ. ಗಾಳಿ ಕೆಟ್ಟರೆ ಮೊದಲು ಸಾಯುವ ಜೀವಿಗಳಲ್ಲಿ ಅದೂ ಒಂದು, ಹಾಗಾಗಿ ತೋಟದಲ್ಲಿ ಇಷ್ಟು ಬಣ್ಣ ಕಂಡರೆ ಸಂತೋಷಪಡಬಹುದು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜಾತಿಗಳೂ ಉಂಟು. ನಿಮ್ಮ ಅಂಗೈಯಗಲದ ಒಂದು ಕಲೆ ನಿಮ್ಮ ಅಪ್ಪ ಮರ ನೆಟ್ಟ ಕೆಲವೇ ವರ್ಷಕ್ಕೆ ಶುರುವಾದದ್ದಿರಬಹುದು.

ಈಗ ಒಂದು ಇರುವೆಯ ಫೋಟೊ. ಚಗಳಿ. ಗೇರು ಮರ ಹತ್ತಿದವರಿಗೆಲ್ಲ ಅದರ ಕಡಿತ ಗೊತ್ತು. ಎಲೆಗಳನ್ನು ಎಳೆದು ಹಿಡಿದು, ತಮ್ಮ ಮರಿಹುಳಗಳನ್ನು ಬಾಯಲ್ಲಿ ಹಿಡಿದು, ಆ ಮರಿ ಬಿಡುವ ನೂಲಿನಿಂದ ಎಲೆಗೆ ಎಲೆ ಹೊಲಿದು ಗೂಡು ಮಾಡುವ ಇರುವೆ. ಗೇರಿನ ಚಿಗುರು ಹೀರುವ ಸೊಳ್ಳೆಯಂಥ ತಿಗಣೆಯನ್ನು ಇದು ಓಡಿಸುತ್ತದೆ. ಒಂದು ಮಧ್ಯಾಹ್ನ ಇದರದ್ದು ಎಂದು ಮೂವತ್ತು ನಲವತ್ತು ಫೋಟೊ ತೆಗೆದೆ. ರಾತ್ರಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಒಂದರಲ್ಲಿ ಏನೋ ಸರಿ ಕಾಣಲಿಲ್ಲ. ಕಾಲು ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟೇ.

ಅದು ಇರುವೆಯಲ್ಲ, ಜಿಗಿಯುವ ಜೇಡ. ಅದೇ ಕೆಂಪು, ಅದೇ ಸಪೂರ ಸೊಂಟ. ಮುಂದಿನ ಎರಡು ಕಾಲನ್ನು ಎತ್ತಿ ಇರುವೆಯ ಮೀಸೆಯ ಹಾಗೆ ಆಡಿಸುತ್ತಾ ನಡೆಯುತ್ತದೆ. ಗಂಡು ಜೇಡಕ್ಕೆ ಉದ್ದ ದವಡೆ, ಅದರ ತುದಿಯಲ್ಲಿ ಕಪ್ಪು ಚುಕ್ಕೆ, ದೂರದಿಂದ ನೋಡಿದರೆ ಒಂದು ಚಗಳಿ ಇನ್ನೊಂದು ಚಗಳಿಯನ್ನು ಹೊತ್ತುಕೊಂಡು ಹೋಗುವ ಹಾಗೇ ಕಾಣುತ್ತದೆ. ಕಚ್ಚುವ, ಹುಳಿ ಕಾರುವ ಚಗಳಿಯ ತಂಟೆಗೆ ಹಕ್ಕಿ, ಕೀಟಗಳು ಜಾಸ್ತಿ ಬರುವುದಿಲ್ಲ. ಆ ಧೈರ್ಯಕ್ಕೆ ಈ ವೇಷ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ವೇಷ ಎಂದರೆ ಏನು, ನಡೆ ಹೇಗಿರಬೇಕು ಎಂದು ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಬರೀ ಬಣ್ಣ ಹಚ್ಚಿದರೆ ಸಾಲದು, ಹೆಜ್ಜೆಯೂ ಅದರದ್ದೇ ಆಗಬೇಕು. ಈ ಜೇಡ ಚಗಳಿಯ ಹೆಜ್ಜೆಯನ್ನೂ ಕಲಿತಿದೆ. ನನ್ನ ಮನೆಯಂಗಳದ ಗೇರು ಮರದಲ್ಲಿ ಇದು ಎಷ್ಟು ವರ್ಷದಿಂದ ಇತ್ತೋ! ಬರೀ ಕಣ್ಣಿಗೆ ಅದು ನೂರರಲ್ಲಿ ಒಂದು ಇರುವೆ. ನಿಂತ ಚಿತ್ರವಾಗಿ ಎದುರಿಗೆ ಬಂದಾಗ ಮಾತ್ರ ಕಾಲು ಎಣಿಸುವಷ್ಟು ಸಮಯ ಸಿಕ್ಕಿತು.

ಫೋಟೊ ತೆಗೆಯುವುದರಿಂದ ನನಗೆ ಸಿಕ್ಕಿದ್ದು ಇದೇ. ಚಂದದ ಚಿತ್ರ ಆಮೇಲಿನ ಮಾತು. ಸುಮ್ನೆ ಹುಲ್ಲಿನ ಮೇಲೆ ಅರ್ಧ ಗಂಟೆ ಬೋರಲು ಮಲಗಿದರೆ ದಾರಿಯಲ್ಲಿ ಹೋಗುವವರು ಹುಷಾರಿಲ್ಲವಾ ಎಂದು ಕೇಳುತ್ತಾರೆ. ಕೈಯಲ್ಲಿ ಫೋನೋ ಕ್ಯಾಮೆರಾವೋ ಇದ್ದರೆ ಕೇಳುವುದಿಲ್ಲ. ಒಂದೇ ಜಾಗದಲ್ಲಿ ಅಷ್ಟು ಹೊತ್ತು ಇರಲು ಅದು ಒಂದು ನೆಪ. ಇದ್ದರೆ ಕಾಣುತ್ತದೆ.

ಇದರಿಂದ ಏನು ಪ್ರಯೋಜನ ಎಂದು ಮನೆಯಲ್ಲಿ ಕೇಳುತ್ತಾರೆ ಎಂದು ಒಬ್ಬ ಹುಡುಗ ಹೇಳಿದ. ಅವನಿಗಾಗಿ ಒಬ್ಬ ಕೃಷಿಕನ ಕಥೆ. ಅಮೆರಿಕದ ವರ್ಮಾಂಟ್ ಸೀಮೆಯಲ್ಲಿ ಜೆರಿಕೊ ಎಂಬ ಊರು. ಅಲ್ಲಿ ವಿಲ್ಸನ್ ಬೆಂಟ್ಲಿ ಎಂಬವನಿದ್ದ. ಹಿಮ ಬೀಳುವ ಊರಿನಲ್ಲಿ ಹಿಮ ಎಂದರೆ ದಾರಿಯಿಂದ ಗೋರಿ ಬದಿಗೆ ಹಾಕುವ ವಸ್ತು, ನಮಗೆ ಅಂಗಳದ ಪಾಚಿಯ ಹಾಗೆ. ಇವನು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, 1885ರ ಜನವರಿಯಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಹಿಮದ ಒಂದೇ ಒಂದು ಹರಳಿನ ಫೋಟೊ ತೆಗೆದ. ಕರಗುವ ಮೊದಲು ತೆಗೆಯಬೇಕು, ಉಸಿರು ತಾಗಿದರೂ ಹೋಯಿತು. 1931ರಲ್ಲಿ ಸಾಯುವವರೆಗೆ ಕೃಷಿ ಮಾಡುತ್ತಲೇ ಐದು ಸಾವಿರಕ್ಕೂ ಹೆಚ್ಚು ಹರಳುಗಳ ಫೋಟೊ ತೆಗೆದ. ಹಿಮದ ಹರಳಿನ ಆರು ಮೂಲೆಯ ಚಿತ್ರ ಇಂದು ಚಿಕ್ಕ ಮಕ್ಕಳಿಗೂ ಗೊತ್ತಿದೆ ಎಂದರೆ ಅದರಲ್ಲಿ ಅವನ ಪಾಲು ದೊಡ್ಡದು.

ಹೇಗೆ ತೆಗೆಯುವುದು ಎಂದು ತುಂಬಾ ಜನ ಕೇಳಿದ್ದೀರಿ. ನಿಮ್ಮಲ್ಲಿರುವ ಫೋನು ಸಾಕು. ಮೋಡದ ದಿನ ಒಳ್ಳೆಯದು, ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬೀಳುತ್ತದೆ, ಹೂವಿನ ಬಣ್ಣ ಸುಡುವುದಿಲ್ಲ. ಬಿಸಿಲಿದ್ದರೆ ಬೆಳಗ್ಗೆ ಎಂಟರ ಒಳಗೆ. ಗಾಳಿಯೂ ಆಗ ಕಡಿಮೆ. ನಿಂತು ಕೆಳಗೆ ನೋಡಿ ತೆಗೆಯಬೇಡಿ, ಹೂವಿನ ಎತ್ತರಕ್ಕೆ ನೀವು ಇಳಿಯಿರಿ. ಒಂದು ಅಡಿಕೆ ಹಾಳೆ ಒಯ್ಯಿರಿ, ಮೊಣಕಾಲಿಗೂ ಎದೆಗೂ ಅದೇ ಚಾಪೆ, ಮುರಕಲ್ಲು ಚರ್ಮ ಕೀಳುತ್ತದೆ. ಇಷ್ಟು ಹತ್ತಿರದಿಂದ ತೆಗೆಯುವಾಗ ಸರಿಯಾಗಿ ಕಾಣುವ ಪದರ ಭತ್ತದ ಕಾಳಿನ ದಪ್ಪದಷ್ಟು ಮಾತ್ರ, ನೀವು ಉಸಿರಾಡಿದರೂ ಅದು ತಪ್ಪುತ್ತದೆ. ಹಾಗಾಗಿ ಉಸಿರು ಬಿಟ್ಟು, ತಡೆದು, ಆಮೇಲೆ ಒತ್ತಿ. ಉಳಿದದ್ದು ಕೈಗೆ ತಾನಾಗಿ ಬರುತ್ತದೆ.

ಮಕ್ಕಳ ಜತೆ ನಾನು ಮಾಡುವ ಒಂದು ಕೆಲಸ ಉಂಟು, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಸೈಕಲ್ ಟಯರ್ ತೆಗೆದುಕೊಂಡು ಪದವಿಗೆ ಹೋಗುತ್ತೇವೆ. ಒಬ್ಬರು ಕಣ್ಣು ಮುಚ್ಚಿ ಟಯರನ್ನು ಉರುಳಿಸಬೇಕು. ಅದು ಬಿದ್ದಲ್ಲಿ ಐದು ಮಕ್ಕಳು ಸುತ್ತ ಕೂರಬೇಕು. ಮುಕ್ಕಾಲು ಗಂಟೆ ಟಯರಿನ ಒಳಗೆ ಇದ್ದದ್ದನ್ನು ಮಾತ್ರ ನೋಡಬೇಕು, ಹೊರಗೆ ನವಿಲು ಕುಣಿದರೂ ನೋಡಬಾರದು. ಒಂದು ಗುಂಪಿಗೆ ಒಂದೇ ಫೋನು. ಮೊದಲ ಹತ್ತು ನಿಮಿಷ ಸರ್ ಎಂತ ಇಲ್ಲ, ಟಯರ್ ಬೇರೆ ಕಡೆ ಹಾಕುವ ಎಂದು ಗಲಾಟೆ. ಅದು ಪ್ರತಿ ಸಲವೂ ಆಗುತ್ತದೆ. ಹದಿನೈದನೇ ನಿಮಿಷಕ್ಕೆ ಯಾರೋ ಒಬ್ಬರು ಉಶ್ ಎನ್ನುತ್ತಾರೆ. ಕಳೆದ ವರ್ಷ ಒಂದು ಟಯರಿನೊಳಗೆ ಮೂರು ಬಣ್ಣದ ಹೂ ಸಿಕ್ಕಿತು. ಗುಂಡುಸೂಜಿಯ ತಲೆಯಂಥ ಬಿಳಿ ಹೂ, ಅದು ಎರಿಯೊಕಾಲನ್. ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಹೊತ್ತ ಡ್ರೊಸೆರಾ, ಅದೂ ಹುಳ ತಿನ್ನುವುದೇ, ಅದರ ಮೇಲೆ ಒಂದು ಸೊಳ್ಳೆ ಅಂಟಿಕೊಂಡಿತ್ತು. ಕಪ್ಪೆ ಮರಿ ಬಾಲ ಕರಗುವ ಹಂತದ್ದು ಒಂದು, ಬಸವನಹುಳುವಿನ ಖಾಲಿ ಚಿಪ್ಪು, ಅದರೊಳಗೆ ಇನ್ನೊಂದು ಜೀವಿ. ಒಬ್ಬ ಹುಡುಗನಿಗೆ ಫೋನಿನ ಸರದಿ ಸಿಕ್ಕಲಿಲ್ಲ. ಅವನು ಎರಡೂ ಕೈಯ ಬೆರಳು ಜೋಡಿಸಿ ಚೌಕ ಮಾಡಿ ಅದರೊಳಗಿಂದ ನೋಡುತ್ತಾ ಕೂತಿದ್ದ. ಡ್ರೊಸೆರಾದ ಕೂದಲು ಸೊಳ್ಳೆಯ ಕಡೆಗೆ ಬಾಗುತ್ತಾ ಇದೆ ಎಂದು ಮೊದಲು ಹೇಳಿದ್ದು ಅವನೇ. ಫೋನ್ ಹಿಡಿದವರು ಯಾರೂ ಅದನ್ನು ಕಂಡಿರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೊದಮೊದಲು ನಾನು ತಪ್ಪು ಮಾಡಿದ್ದೇನೆ. ಪೊದೆಯಲ್ಲಿ ಪಿಕಳಾರ ಗೂಡು ಕಟ್ಟಿತ್ತು, ಮರಿಗಳಿದ್ದವು. ಅಡ್ಡ ಬರುತ್ತದೆ ಎಂದು ಎರಡು ಎಲೆಗಳ ಗೊಂಚಲನ್ನು ಬದಿಗೆ ಕಟ್ಟಿ ಫೋಟೊ ತೆಗೆದೆ. ಚಂದದ 'ಬೆಳಕು' ಬಂತು. ಮರುದಿನ ಹೋದಾಗ ಗೂಡು ಖಾಲಿ. ಕೆಂಬೂತವೋ ಕಾಗೆಯೋ, ನಾನು ತೆರೆದು ಕೊಟ್ಟ ದಾರಿಯಲ್ಲಿ ಬಂದಿತ್ತು. ತಾಯಿ ಹಕ್ಕಿ ಹತ್ತಿರದ ಕೊಂಬೆಯಲ್ಲಿ ಕೂತು ಕೂಗುತ್ತಿತ್ತು. ಆ ಫೋಟೊವನ್ನು ನಾನು ಯಾರಿಗೂ ತೋರಿಸಿಲ್ಲ. ಗೂಡಿನ ಹತ್ತಿರ ಹೋಗಬೇಡಿ. ಹೂವನ್ನು ಕಿತ್ತು ಬೇರೆ ಕಡೆ ಇಟ್ಟು ತೆಗೆಯಬೇಡಿ. ಹುಳ ಅಲ್ಲಾಡಬಾರದೆಂದು ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ, ಅದನ್ನು ಯಾರು ಹೇಳಿಕೊಟ್ಟರೂ ಕಲಿಯಬೇಡಿ.

ಹೊರಗಿನವರಿಗೆ ಕಾಸರಗೋಡಿನ ಫೋಟೊ ಎಂದರೆ ಎರಡೇ. ಒಂದು ಬೇಕಲ ಕೋಟೆ. ಇನ್ನೊಂದು ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳಿದ ಮಕ್ಕಳದು. ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷ 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ನಮ್ಮ ಮಕ್ಕಳ ಆ ಫೋಟೊಗಳು ಇಲ್ಲದಿದ್ದರೆ ಜಗತ್ತು ಇತ್ತ ತಿರುಗಿ ನೋಡುತ್ತಿತ್ತೋ ಇಲ್ಲವೋ. ಅವು ಬೇಕಾಗಿದ್ದವು, ಈಗಲೂ ಬೇಕು, ನೋವು ಮುಗಿದಿಲ್ಲ. ಆದರೆ ಅದೇ ಗುಡ್ಡೆಗಳಲ್ಲಿ ಇಷ್ಟೆಲ್ಲ ಬದುಕಿದೆ ಎಂದು ತೋರಿಸುವ ಫೋಟೊಗಳೂ ಅವುಗಳ ಪಕ್ಕದಲ್ಲಿ ಇರಲಿ ಎಂದು ನನ್ನ ಆಸೆ. ಗುಡ್ಡೆಯಲ್ಲಿ ಏನಿತ್ತು ಎಂದು ಗೊತ್ತಿದ್ದರೆ ತಾನೆ ಏನು ಹೋಯಿತು ಎಂದು ಹೇಳಲು ಸಾಧ್ಯ?

ಈಗಲೂ ಹೋಗುತ್ತಿದೆ. ಆಚೆ ಬದಿಯ ಪದವು ನಿಮಗೆಲ್ಲ ಗೊತ್ತು. ಐದು ವರ್ಷ, ಪ್ರತಿ ಸೋಣದಲ್ಲಿ, ಒಂದೇ ಬಂಡೆಯ ಮೇಲೆ ನಿಂತು ತೆಗೆದ ಐದು ಫೋಟೊಗಳು ಇವು. ಮೊದಲ ಎರಡರಲ್ಲಿ ನೀಲಿ. ಮೂರನೆಯದರಲ್ಲಿ ಮೂಲೆಯಲ್ಲಿ ಒಂದು ಕಲ್ಲಿನ ಕೋರೆ. ನಾಲ್ಕನೆಯದರಲ್ಲಿ ಕೋರೆ ನಡುವಿನವರೆಗೆ ಬಂದಿದೆ. ಐದನೆಯದನ್ನು ತೆಗೆಯುವಾಗ ನಾನು ನಿಲ್ಲುತ್ತಿದ್ದ ಬಂಡೆಯೇ ಇರಲಿಲ್ಲ, ಅಂದಾಜಿನಲ್ಲಿ ನಿಂತು ತೆಗೆದೆ. ಮನೆ ಕಟ್ಟಲು ಕಲ್ಲು ಬೇಕು, ನನ್ನ ಮನೆಯ ಗೋಡೆಯೂ ಅದೇ ಕಲ್ಲಿನದು, ನಾನು ಯಾರನ್ನೂ ದೂರುತ್ತಿಲ್ಲ. ಆದರೆ ಕಡಿಯಲು ಒಪ್ಪಿಗೆ ಕೊಡುವಾಗ ಅದು ಪಾಳು ಜಾಗ, ಅಲ್ಲಿ ಎಂತ ಇಲ್ಲ ಎಂದು ಹೇಳುತ್ತೇವಲ್ಲ, ಆ ಮಾತು ಸುಳ್ಳು. ಪದವಿನ ಮೇಲೆ ನಿಂತ ನೀರು ಇಳಿದೇ ನಾವು ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಗಳಿಗೆ, ಬಾವಿಗಳಿಗೆ ಬರುವುದು. ಅದನ್ನಾದರೂ ನೆನಪಿಡಬೇಕು.

ಒಂದು ಒಳ್ಳೆಯ ಸುದ್ದಿಯೂ ಉಂಟು. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಜೀವಿಯನ್ನು ಘೋಷಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಜಿಲ್ಲೆ. ಮರ ಕಾಸರಕ, ನಮ್ಮ ಊರಿನ ಹೆಸರಿನಲ್ಲೇ ಇರುವ ಕಹಿ ಮರ. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಜೀವಿ ಚಂದ್ರಗಿರಿ ಹೊಳೆಯ ಮೆತ್ತನೆ ಚಿಪ್ಪಿನ ದೊಡ್ಡ ಆಮೆ. ಹೂ ಪೆರಿಯ ಪೊಲತ್ತಾಳಿ, ಮಳೆಗಾಲದಲ್ಲಿ ಮಾತ್ರ ಹರಿಯುವ ತೋಡಿನ ನೀರಿನಲ್ಲಿ ಬಿಳಿಯಾಗಿ ಅರಳುವ ಹೂ. ಅದು ಬೇರೆಯೇ ಜಾತಿ ಎಂದು ವಿಜ್ಞಾನಿಗಳು ಬರೆದದ್ದು 2012ರಲ್ಲಿ. ಪೆರಿಯ ಎಂಬ ಊರಿನ ಜನರ ಕಣ್ಣಿಗೆ ಪ್ರತಿ ಮಳೆಗಾಲವೂ ಬೀಳುತ್ತಿದ್ದ ಹೂ ಅದು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲಿ ಜನರೇ ಬರೆಸುವ ಜೀವವೈವಿಧ್ಯದ ದಾಖಲೆ ಪುಸ್ತಕ ಇರಬೇಕು. ನೀವು ತೆಗೆದ ಫೋಟೊ, ತೆಗೆದ ದಿನ, ಜಾಗ, ಮನೆಯಲ್ಲಿ ಕರೆಯುವ ಹೆಸರು, ಇಷ್ಟು ಇದ್ದರೆ ಅದರಲ್ಲಿ ಸೇರಿಸಬಹುದು. ತುಳು ಹೆಸರೋ, ಮಲಯಾಳವೋ, ಹವ್ಯಕವೋ, ಮರಾಟಿಯೋ, ಯಾವುದಾದರೂ ಸರಿ. ಹೆಸರು ಗೊತ್ತಿಲ್ಲದಿದ್ದರೆ ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ನಲ್ಲಿ ಹಾಕಿ, ಗೊತ್ತಿರುವವರು ಹೇಳುತ್ತಾರೆ.

ಮಾತು ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಆ ಹುಡುಗಿಯ ಅಮ್ಮಮ್ಮ ಎದ್ದು ಬಂದರು. ಇಡೀ ಹೊತ್ತು ಬಾಗಿಲ ಬಳಿ ಕೂತಿದ್ದರು. ಪಂಚೆಯ ಹತ್ತಿರ ನಿಂತು ಮೊದಲ ಫೋಟೊ ಮತ್ತೆ ಹಾಕಿ ಎಂದರು. ನೀರು ಕಾಣುವ ಜಾಗಕ್ಕೆ ಬೆರಳಿಟ್ಟು, ಇಲ್ಲಿ ಹೋಗಿದ್ದೀರಾ ಮಾಷ್ಟ್ರೇ ಎಂದು ಕೇಳಿದರು. ಇಲ್ಲ, ಅದು ದೊಡ್ಡ ಪಳ್ಳ, ಕೆಸರು ಎಂದೆ. ನೀಲಿಯನ್ನು ಮಾತ್ರ ನೋಡಿದ್ದೀರಿ, ಈ ಪಳ್ಳದಲ್ಲಿ ಹಳದಿ ಉಂಟು, ಅದಕ್ಕೆ ಮಣ್ಣೇ ಬೇಡ, ನೀರಿನ ಮೇಲೆ ತೇಲುತ್ತದೆ ಎಂದರು.

ಮರುದಿನ ಬೆಳಗ್ಗೆ ಆರೂವರೆಗೆ ಏಳು ಜನ ಹೋದೆವು. ರೋಗವಾ ಎಂದು ಕೇಳಿದ ಮಾವನೂ ಬಂದಿದ್ದರು, ಕೈಯಲ್ಲಿ ಎರಡು ಹಾಳೆ. ಅಮ್ಮಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು, ಎಳೆಗಳ ಒಂದು ತುಂಡನ್ನು ಅಂಗೈಯಲ್ಲಿ ಹಿಡಿದು ನಮ್ಮ ಕಡೆ ಚಾಚಿದರು. ಎಳೆ ತುಂಬಾ ಅದೇ ಪುಟ್ಟ ಚೀಲಗಳು, ಇವು ಸ್ವಲ್ಪ ದೊಡ್ಡವು, ಬರೀ ಕಣ್ಣಿಗೆ ಕಾಣುವಷ್ಟು. ಮೇಲೆ ಒಂದು ದಂಟು, ದಂಟಿನಲ್ಲಿ ಮೂರು ಹಳದಿ ಹೂ. ಮಾವ ಹಾಳೆ ಹಾಸಿ ಬೋರಲು ಮಲಗಿ ತಮ್ಮ ಫೋನು ತೆಗೆದರು. ನಾವೆಲ್ಲ ಮಾತು ನಿಲ್ಲಿಸಿ ಅವರು ಉಸಿರು ಬಿಡುವುದನ್ನು ಕಾಯುತ್ತಾ ನಿಂತೆವು.